ನೆರೆ ಹೊಳೆದಂಡೆಗೆ, ಲೆಕ್ಕ ಇಡೀ ಪಂಚಾಯಿತಿಗೆ

ಸಿರುಗುಪ್ಪಕ್ಕೆ ನೆರೆ ಬರಬೇಕಾದರೆ ಸಿರುಗುಪ್ಪದಲ್ಲಿ ಮಳೆಯಾಗಬೇಕೆಂದಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಬಿಡದೆ ಮಳೆ ಹಿಡಿದರೆ ತುಂಗೆ, ಭದ್ರೆ, ವರದೆಯರ ನೀರೆಲ್ಲ ಹೊಸಪೇಟೆಯ ಅಣೆಕಟ್ಟೆಗೆ ಬಂದು ಸೇರುತ್ತದೆ. ಅಲ್ಲಿ ಗೇಟು ಎತ್ತಿದರೆ ಮೊದಲು ಕಂಪ್ಲಿಯ ಕೋಟೆ ಪ್ರದೇಶ, ಆಮೇಲೆ ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಊರುಗಳು. ಮೇಲೆ ಬಿಸಿಲು ಸುಡುತ್ತಿರುವಾಗಲೇ ಇಲ್ಲಿ ಗದ್ದೆಯೊಳಗೆ ನೀರು ನುಗ್ಗಿರುತ್ತದೆ.

ಇಷ್ಟು ಮುಂಚಿತವಾಗಿ ಗೊತ್ತಾಗುವ, ಇಷ್ಟು ಕರಾರುವಾಕ್ಕಾಗಿ ಅಳೆಯಬಹುದಾದ ವಿಪತ್ತು ನಮ್ಮ ಬಳ್ಳಾರಿ ಜಿಲ್ಲೆಗೆ ಬೇರೆ ಇಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು, 33 ಗೇಟುಗಳಲ್ಲಿ ಎಷ್ಟು ತೆರೆದಿವೆ ಎಂಬ ಲೆಕ್ಕವನ್ನು ತುಂಗಭದ್ರಾ ಮಂಡಳಿ ಮಳೆಗಾಲದುದ್ದಕ್ಕೂ ಇಡುತ್ತದೆ. ಆದರೆ ನೆರೆ ಇಳಿದ ಮೇಲೆ ಪರಿಹಾರವನ್ನೋ ವಿಮೆಯನ್ನೋ ನಿರ್ಧರಿಸಲು ಕುಳಿತಾಗ ಈ ಅಂಕಿಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಬೇಕಾಗುವುದು ಪಂಚಾಯಿತಿಯ ಸರಾಸರಿ ಇಳುವರಿ, ಪಹಣಿಯಲ್ಲಿರುವ ಹೆಸರು, ಪಂಚನಾಮೆಯ ದಿನಾಂಕ. ಹೊಳೆದಂಡೆಯ ರೈತ ಸೋಲುತ್ತಿರುವುದು ನದಿಯ ಎದುರು ಮಾತ್ರವಲ್ಲ, ಈ ಲೆಕ್ಕದ ಎದುರೂ ಹೌದು.

ಅಣೆಕಟ್ಟೆಯಿಂದಲೇ ಶುರು ಮಾಡೋಣ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಉಳಿದಿರುವುದು 105.78 ಟಿಎಂಸಿ ಅಡಿ. ನೀರಾವರಿಯ ಚರ್ಚೆಯಲ್ಲಿ ಈ ಕೊರತೆ ಪ್ರತಿ ವರ್ಷ ಬರುತ್ತದೆ. ನೆರೆಯ ಚರ್ಚೆಯಲ್ಲಿ ಬರುವುದಿಲ್ಲ. ಸುಮಾರು 27 ಟಿಎಂಸಿ ಅಡಿ ಜಾಗ ಹೋಯಿತೆಂದರೆ ಅಷ್ಟು ನೀರು ಬೆಳೆಗೆ ಸಿಗುವುದಿಲ್ಲ ಎಂಬುದು ಒಂದು ಮಾತು, ಮಲೆನಾಡಿನಿಂದ ಏಕಾಏಕಿ ಬಂದ ನೀರನ್ನು ಒಂದೆರಡು ದಿನ ತಡೆದು ನಿಲ್ಲಿಸುವ ಅವಕಾಶವೂ ಅಷ್ಟೇ ಕುಗ್ಗಿತು ಎಂಬುದು ಇನ್ನೊಂದು. ಜಲಾಶಯ ಬೇಗ ತುಂಬುತ್ತದೆ, ಗೇಟುಗಳು ಬೇಗ ಏಳುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಸ್ಟಾಪ್‌ಲಾಗ್ ಇಳಿಸುವವರೆಗೆ ಸುಮಾರು ಒಂದು ವಾರ ಕೆಳಗಿನ ಊರುಗಳು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದವು. ಮರುವರ್ಷ ಉಳಿದ ಗೇಟುಗಳ ಮೇಲೂ ಭರವಸೆ ಇಲ್ಲದೆ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಬೇಕಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದೂ ತೀರ್ಮಾನವಾಯಿತು. ಅಣೆಕಟ್ಟೆಯ ಸುರಕ್ಷತೆಗೆ ಅದು ಬೇಕಿತ್ತು, ಸರಿ. ಆದರೆ ಆ ಸುರಕ್ಷತೆಯ ಬೆಲೆಯನ್ನು ಒಂದು ಬೆಳೆಯ ರೂಪದಲ್ಲಿ ತೆತ್ತವನು ರೈತ. ಆ ನಷ್ಟಕ್ಕೆ ಯಾವ ವಿಮೆಯೂ ಇಲ್ಲ.

ಇನ್ನೊಂದು ನದಿ ವೇದಾವತಿ, ನಮ್ಮ ಬಾಯಲ್ಲಿ ಹಗರಿ. ವರ್ಷದ ಬಹುಕಾಲ ಮರಳಾಗಿ ಮಲಗಿರುವ ಈ ಹೊಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2022ರಲ್ಲಿ ಮೇಲೆ ವಾಣಿವಿಲಾಸ ಸಾಗರ ಸುಮಾರು ಒಂಬತ್ತು ದಶಕಗಳ ಬಳಿಕ ಕೋಡಿ ಬಿತ್ತು, ಹಗರಿ ತುಂಬಿ ಹರಿಯಿತು. ಆ ಅಕ್ಟೋಬರ್‌ನಲ್ಲಿ ಬೈರದೇವನಹಳ್ಳಿ ಬಳಿ ಹೊಳೆಯ ಮೇಲೆ ಹಾದುಹೋಗುವ ತುಂಗಭದ್ರಾ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಮೇಲ್ಗಾಲುವೆಯ ಕಂಬವೇ ಕುಸಿಯಿತು. ದುರಸ್ತಿ ಮುಗಿಸಲು ಆಗ ಸಚಿವರಾಗಿದ್ದ ಬಿ. ಶ್ರೀರಾಮುಲು ಕಾಲುವೆಯ ಮೇಲೇ ರಾತ್ರಿ ಕಳೆಯಬೇಕಾಯಿತು. ಹೊಳೆಯ ಪಕ್ಕದ ಹೊಲ ನೀರಲ್ಲಿ ಮುಳುಗಿದರೆ, ಕಾಲುವೆಯ ತುದಿಯ ಹೊಲ ನೀರಿಲ್ಲದೆ ಒಣಗುವ ಸ್ಥಿತಿ. ಎರಡಕ್ಕೂ ಕಾರಣ ಒಂದೇ ನೆರೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದದ್ದು ಬೇರೆಯೇ ಜಾತಿಯ ನೆರೆ. ಆಗ ಮಳೆ ನಮ್ಮ ನೆತ್ತಿಯ ಮೇಲೆಯೇ ಸುರಿಯಿತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದವು. ಸಿರುಗುಪ್ಪ ತಾಲ್ಲೂಕಿನಲ್ಲಿ ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು. ‘ಆಸರೆ’ ಯೋಜನೆಯ ಮನೆಗಳು ಬಂದವು. ಆದರೆ ಹೊಲದಿಂದ ದೂರವಾಯಿತೆಂದು, ದನ ಕಟ್ಟಲು ಜಾಗವಿಲ್ಲವೆಂದು ಹಳೆಯ ಊರಿನಲ್ಲೇ ಉಳಿದವರು ಬಹಳ. ಅವರನ್ನು ಹಟಮಾರಿಗಳೆನ್ನುವುದು ಸುಲಭ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ಹೊಳೆಗೆ ಅಡ್ಡಗಟ್ಟೆ ಹಾಕಿ ಐನೂರು ವರ್ಷಗಳಿಂದ ಭತ್ತ ಬೆಳೆದ ಜನ ಹೊಳೆ ಬಿಟ್ಟು ಎಲ್ಲಿಗೆ ಹೋಗಬೇಕು?

ಹೊರಹರಿವು ಲಕ್ಷ ಕ್ಯುಸೆಕ್ ದಾಟುವ ಸುದ್ದಿ ಬಂದಾಗ ಹೊಳೆಸಾಲಿನ ಊರಿಗೆ ಹೋಗಿ ನೋಡಬೇಕು. ತಾಲ್ಲೂಕು ಆಡಳಿತ ಡಂಗುರ ಹೊಡೆಸುವ ಮೊದಲೇ ರೈತರು ದಂಡೆಗೆ ಇಳಿದಿರುತ್ತಾರೆ. ಪಂಪ್‌ಸೆಟ್ಟಿನ ಬೋಲ್ಟು ಬಿಚ್ಚಿ, ಮೋಟರಿಗೆ ಹಗ್ಗ ಕಟ್ಟಿ, ಕೆಸರಿನ ದಡದ ಮೇಲಿಂದ ಟ್ರ್ಯಾಕ್ಟರಿನಲ್ಲಿ ಎಳೆಸುತ್ತಾರೆ. ಪೈಪು ಅಲ್ಲೇ ಉಳಿಯುತ್ತದೆ, ಸ್ಟಾರ್ಟರ್ ಪೆಟ್ಟಿಗೆ ತಲೆಯ ಮೇಲೆ ಬರುತ್ತದೆ. ಭತ್ತವನ್ನು ಮಾತ್ರ ಎತ್ತಿಕೊಂಡು ಬರಲಾಗುವುದಿಲ್ಲ. ನೀರು ಇಳಿದ ಮೇಲೆ ಗದ್ದೆಯಲ್ಲಿ ಗರಿಯ ಮೇಲೆಲ್ಲ ರಾಡಿ ಮೆತ್ತಿ, ಪೈರು ಒಂದೇ ಕಡೆಗೆ ಮಲಗಿರುತ್ತದೆ. ದೂರದಿಂದ ನೋಡಿದರೆ ಇನ್ನೂ ಹಸಿರು. ಬುಡ ಹಿಡಿದು ಎಳೆದರೆ ಕೊಳೆತು ಕೈಗೆ ಬರುತ್ತದೆ. ಸಮೀಕ್ಷೆಗೆ ಬಂದವರು ರಸ್ತೆಯಲ್ಲಿ ನಿಂತು ಫೋಟೊ ತೆಗೆದರೆ ಅದರಲ್ಲಿ ಕಾಣುವುದು ಹಸಿರೇ.

ಈಗ ಬೆಳೆ ವಿಮೆಗೆ ಬರೋಣ. 2016ರ ಮುಂಗಾರಿನಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲಿನ ಕಂತು ಮುಂಗಾರು ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2 ಮಾತ್ರ. ಇದು ಕಡಿಮೆಯೇ, ತಕರಾರಿಲ್ಲ. ತಕರಾರಿರುವುದು ವಿಮಾ ಘಟಕದ ಬಗ್ಗೆ. ಮುಖ್ಯ ಬೆಳೆಗೆ ಘಟಕ ಎಂದರೆ ಗ್ರಾಮ ಪಂಚಾಯಿತಿ. ಅದರ ವ್ಯಾಪ್ತಿಯಲ್ಲಿ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಿ, ಬಂದ ಸರಾಸರಿ ಇಳುವರಿ ಹಿಂದಿನ ವರ್ಷಗಳ ಆಧಾರದ ಮೇಲೆ ನಿಗದಿಯಾದ ಮಟ್ಟಕ್ಕಿಂತ ಕಡಿಮೆಯಿದ್ದರೆ ಎಲ್ಲರಿಗೂ ಪರಿಹಾರ, ಇಲ್ಲದಿದ್ದರೆ ಯಾರಿಗೂ ಇಲ್ಲ. ಬರಗಾಲಕ್ಕೆ ಈ ಪದ್ಧತಿ ಒಪ್ಪುತ್ತದೆ, ಯಾಕೆಂದರೆ ಬರ ಇಡೀ ಪಂಚಾಯಿತಿಗೆ ಒಟ್ಟಿಗೆ ಬರುತ್ತದೆ. ನೆರೆ ಹಾಗೆ ಬರುವುದಿಲ್ಲ. ಹೊಳೆಯಿಂದ ಎರಡು ಮೂರು ಫರ್ಲಾಂಗಿನೊಳಗಿನ ಗದ್ದೆ ಪೂರ್ತಿ ಹೋಗಿರುತ್ತದೆ. ಅದೇ ಪಂಚಾಯಿತಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ಆ ವರ್ಷ ಭರ್ಜರಿ ಬೆಳೆ. ನಾಲ್ಕು ಪ್ರಯೋಗಗಳಲ್ಲಿ ಮೂರು ಕಾಲುವೆ ಹೊಲದಲ್ಲಿ ಬಿದ್ದವೆಂದರೆ ಮುಗಿಯಿತು. ಮುಳುಗಿದವನ ನಷ್ಟವನ್ನು ಪಕ್ಕದವನ ಸುಗ್ಗಿ ಮುಚ್ಚಿಹಾಕುತ್ತದೆ.

ಇದಕ್ಕೆಂದೇ ಯೋಜನೆಯಲ್ಲಿ ಸ್ಥಳೀಯ ವಿಕೋಪ ಎಂಬ ಬಾಗಿಲು ಇದೆ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಜಲಾವೃತದಿಂದ ಆದ ನಷ್ಟವನ್ನು 72 ಗಂಟೆಯೊಳಗೆ ತಿಳಿಸಿದರೆ ಹೊಲವಾರು ಪರಿಶೀಲನೆ ನಡೆಯುತ್ತದೆ. ಆದರೆ 2018ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಭತ್ತಕ್ಕೆ ಜಲಾವೃತದ ರಕ್ಷಣೆಯನ್ನೇ ತೆಗೆದುಹಾಕಿದರು. ಭತ್ತ ನೀರಲ್ಲಿ ಬೆಳೆಯುವ ಬೆಳೆ, ನಷ್ಟ ಅಳೆಯುವುದು ಕಷ್ಟ, ದುರುಪಯೋಗಕ್ಕೆ ದಾರಿಯಾಗುತ್ತದೆ ಎಂಬುದು ಕೊಟ್ಟ ಕಾರಣ. ಭತ್ತಕ್ಕೆ ಬುಡದಲ್ಲಿ ನೀರು ನಿಲ್ಲಬೇಕು ನಿಜ. ತಲೆಯ ಮೇಲೆ ವಾರಗಟ್ಟಲೆ ಹೊಳೆ ಹರಿದರೂ ಬದುಕುತ್ತದೆಂದು ಯಾವ ರೈತನೂ ಹೇಳುವುದಿಲ್ಲ. ಜಿಲ್ಲೆಯ ಭತ್ತದ ಕಣಜವೆನಿಸಿದ ತಾಲ್ಲೂಕಿನಲ್ಲಿ, ಅಲ್ಲಿಯ ಮುಖ್ಯ ಬೆಳೆಗೆ, ಅಲ್ಲಿಯ ಮುಖ್ಯ ಅಪಾಯದಿಂದ ಹೊಲವಾರು ರಕ್ಷಣೆ ಏಳೆಂಟು ವರ್ಷ ಇರಲೇ ಇಲ್ಲ. ಕಂತು ಕಟ್ಟಿದವರಲ್ಲಿ ಎಷ್ಟು ಜನರಿಗೆ ಇದನ್ನು ಯಾರಾದರೂ ಹೇಳಿದ್ದರು?

2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ತಪ್ಪನ್ನು ತಿದ್ದಿತು. 2026ರ ಮುಂಗಾರಿನಿಂದ ಭತ್ತದ ಜಲಾವೃತವನ್ನು ಮತ್ತೆ ಸ್ಥಳೀಯ ವಿಕೋಪದಲ್ಲಿ ಸೇರಿಸುವುದಾಗಿ ಪ್ರಕಟಿಸಿತು. ಒಳ್ಳೆಯ ನಿರ್ಧಾರ. ಆದರೆ 72 ಗಂಟೆಯ ಗಡುವು, ಆ್ಯಪ್‌ನಲ್ಲಿ ಹೊಲದ ಫೋಟೊ ಎಂಬ ಷರತ್ತುಗಳು ಹೊಳೆದಂಡೆಗೆ ಹೊಂದುವುದಿಲ್ಲ. ಗೇಟು ತೆರೆದೇ ಇದ್ದರೆ ನೀರು ಮೂರು ದಿನಕ್ಕೆ ಇಳಿಯುವುದಿಲ್ಲ, ಗದ್ದೆಗೆ ದಾರಿಯೇ ಇರುವುದಿಲ್ಲ, ಊರಿನ ಕರೆಂಟು ಹೋಗಿರುತ್ತದೆ. ಆ ಹೊತ್ತಿಗೆ ಮನೆಮಂದಿಯನ್ನೂ ದನಕರುಗಳನ್ನೂ ಎತ್ತರಕ್ಕೆ ಸಾಗಿಸುತ್ತಿರುವ ರೈತ ಫೋಟೊ ಎಲ್ಲಿಂದ ಹಾಕಬೇಕು?

ದಾರಿ ಇದೆ, ಅದು ಅಣೆಕಟ್ಟೆಯ ಅಂಕಿಯಲ್ಲೇ ಇದೆ. ನಷ್ಟವನ್ನು ಹೊಲಹೊಲಕ್ಕೆ ಹೋಗಿ ಅಳೆಯುವ ಬದಲು, ಮೊದಲೇ ಗೊತ್ತುಪಡಿಸಿದ ಮಾಪನ ಮಿತಿ ದಾಟಿದ ಕೂಡಲೇ ಹಣ ಪಾವತಿಸುವ ವಿಮೆ ಜಗತ್ತಿನ ಹಲವೆಡೆ ಬಂದಿದೆ. ನಮ್ಮಲ್ಲೇ ನಾಗಾಲ್ಯಾಂಡ್ ಸರ್ಕಾರ ಮಳೆಯ ಅಳತೆ ಆಧರಿಸಿದ ಇಂಥ ಪಾಲಿಸಿಯನ್ನು ಇಡೀ ರಾಜ್ಯಕ್ಕೆ ತೆಗೆದುಕೊಂಡಿದೆ. ತುಂಗಭದ್ರೆಯ ಕೆಳಗಿನ ಊರುಗಳಿಗೆ ಮಳೆಯ ಅಳತೆಯೂ ಬೇಕಿಲ್ಲ. ಹೊರಹರಿವು ಇಂತಿಷ್ಟು ಕ್ಯುಸೆಕ್ ದಾಟಿ ಇಂತಿಷ್ಟು ತಾಸು ಮುಂದುವರಿದರೆ ಯಾವ ಸರ್ವೆ ನಂಬರುಗಳು ಮುಳುಗುತ್ತವೆ ಎಂಬುದು ಊರಿನ ಹಿರಿಯರಿಗೂ ಕಂದಾಯ ಇಲಾಖೆಗೂ ಗೊತ್ತು. ಉಪಗ್ರಹ ಚಿತ್ರಗಳಲ್ಲೂ ದಾಖಲಾಗಿದೆ. ಆ ಸರ್ವೆ ನಂಬರುಗಳನ್ನು ಪಂಚಾಯಿತಿಯಿಂದ ಬಿಡಿಸಿ ಪ್ರತ್ಯೇಕ ವಿಮಾ ಘಟಕ ಮಾಡಬೇಕು, ಹೊರಹರಿವಿನ ಮಿತಿ ದಾಟಿದ ದಿನವೇ ಮೊದಲ ಕಂತಿನ ಪರಿಹಾರ ಖಾತೆಗೆ ಹೋಗಬೇಕು. ಹಗರಿಯ ನೀರು ತುಂಗಭದ್ರಾ ಅಣೆಕಟ್ಟೆ ದಾಟಿ ಬರುವುದಿಲ್ಲ, ಆದ್ದರಿಂದ ಅಲ್ಲಿಗೆ ಬೇರೆಯೇ ಮಾಪಕ ಬೇಕಾಗುತ್ತದೆ. 2009ರಂತೆ ಸ್ಥಳೀಯ ಮಳೆಯಿಂದಲೇ ಬರುವ ನೆರೆಗೆ ಹೊರಹರಿವಿನ ಅಂಕಿಯೊಂದೇ ಸಾಲದು. ಮಾಪನ ಒಂದು ಹೇಳಿ, ಗದ್ದೆಯ ಸ್ಥಿತಿ ಇನ್ನೊಂದು ಇರುವ ಸಂದರ್ಭಗಳು ಬಂದೇ ಬರುತ್ತವೆ. ಆಗ ಹೊಲವಾರು ಪರಿಶೀಲನೆ ಇದ್ದೇ ಇದೆ. ಆದರೂ ನಾಲ್ಕು ಕಟಾವು ಪ್ರಯೋಗಗಳ ಅದೃಷ್ಟಕ್ಕಿಂತ ಇದು ಹೆಚ್ಚು ನ್ಯಾಯದ್ದು.

ವಿಮೆ ಇಲ್ಲದಾಗ ಉಳಿಯುವುದು ಸರ್ಕಾರಿ ಪರಿಹಾರ. 2022–26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ಮಾನದಂಡದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಿತಿ. ಎಕರೆಗೆ ಏಳು ಸಾವಿರವೂ ಆಗುವುದಿಲ್ಲ. ನಾಟಿ, ಗೊಬ್ಬರ, ಔಷಧ, ಕೂಲಿಗೆ ಸುರಿದದ್ದು ಅದರ ಎಷ್ಟೋ ಪಟ್ಟು. 2025ರಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 8,500 ಸೇರಿಸಿತು. ಪೂರ್ತಿ ಬಿದ್ದ ಮನೆಗೆ ಕೇಂದ್ರದ ಲೆಕ್ಕದಲ್ಲಿ 1.2 ಲಕ್ಷ, ಬಟ್ಟೆಬರೆಗೆ 2,500, ಪಾತ್ರೆಪಗಡಿಗೆ 2,500. ಇದು ತಕ್ಷಣದ ಆಸರೆ ಮಾತ್ರ, ಕಳೆದುಕೊಂಡದ್ದನ್ನು ಮತ್ತೆ ಕಟ್ಟಿಕೊಳ್ಳಲು ಸಾಲುವುದಲ್ಲ.

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಕುಳಿತವರಿಗೆ ಇದೆಲ್ಲ ಹೊಳೆಸಾಲಿನವರ ಗೋಳು ಎನಿಸಬಹುದು. ನಮ್ಮ ಬಡಾವಣೆಗೆ ನದಿಯಿಲ್ಲ. ಆದರೆ ಕುಡಿಯುವ ನೀರು ಬರುವುದು ಅದೇ ತುಂಗಭದ್ರೆಯ ಕಾಲುವೆಗಳಿಂದ, ಊಟದ ಅಕ್ಕಿ ಅದೇ ಗದ್ದೆಗಳಿಂದ. ಜೋರು ಮಳೆಗೆ ರಾಜಕಾಲುವೆ ಉಕ್ಕಿದರೆ ಕೌಲ್ ಬಜಾರಿನ ತಗ್ಗಿನ ಕೋಣೆಯೊಂದರಲ್ಲಿ ಜೀನ್ಸ್ ಹೊಲಿಯುವವನ ಬಟ್ಟೆಯ ಥಾನುಗಳೂ ನೆನೆಯುತ್ತವೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕಡ್ಡಾಯವಾಗಿ ಕೊಡಬೇಕಾದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆಯ ರಕ್ಷಣೆ ಸೇರಿಯೇ ಇದೆ. ಸಣ್ಣ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಹತ್ತು ಲಕ್ಷದ ಮನೆಗೆ ವರ್ಷಕ್ಕೆ ಕೆಲವು ನೂರು ರೂಪಾಯಿಯ ಮಾತು. ಕೊಳ್ಳುವವರಿಲ್ಲ, ಯಾಕೆಂದರೆ ಹೇಳುವವರಿಲ್ಲ. ಫ್ರಾನ್ಸ್‌ನಲ್ಲಿ 1982ರಿಂದ ಪ್ರತಿ ಆಸ್ತಿ ವಿಮೆಯ ಜೊತೆಗೂ ವಿಕೋಪದ ಹೆಚ್ಚುವರಿ ಕಂತು ಕಡ್ಡಾಯ. ಗುಡ್ಡದ ಮೇಲಿನ ಮನೆಯೂ ನದಿದಂಡೆಯ ಮನೆಯೂ ಒಂದೇ ದರದಲ್ಲಿ ಕೊಡುತ್ತವೆ. ಎತ್ತರದಲ್ಲಿರುವವರು ಕೊಟ್ಟರೆ ಮಾತ್ರ ತಗ್ಗಿನಲ್ಲಿರುವವರಿಗೆ ವಿಮೆ ಕೈಗೆಟುಕುತ್ತದೆ. ಈ ಮಾತಿನಲ್ಲಿ ಕಂಟೋನ್ಮೆಂಟ್‌ನ ನಮ್ಮ ಪಾಲೂ ಇದೆ.

ವಿಮೆ ಕೊಟ್ಟರೆ ಜನ ಹೊಳೆಯ ಪಾತ್ರದಲ್ಲೇ ಮನೆ ಕಟ್ಟುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪ್ರವಾಹ ಬಯಲಿನಲ್ಲಿ ಯಾವ ಕಟ್ಟಡ ಇರಬಹುದು, ಯಾವುದು ಬೇಡ ಎಂದು ಗೆರೆ ಎಳೆಯುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾನೂನು ಮಾಡಿದವು, ಕರ್ನಾಟಕ ಮಾಡಲಿಲ್ಲ. ಗೆರೆಯೇ ಇಲ್ಲದ ಕಡೆ ಬಡವನ ಗುಡಿಸಲನ್ನು ಮಾತ್ರ ಒತ್ತುವರಿ ಎನ್ನುವುದು ಅನ್ಯಾಯ. ವಿಮೆಗಾಗಿ ಗುರುತಿಸುವ ಸರ್ವೆ ನಂಬರುಗಳೇ ಈ ಗೆರೆಗೂ ಆಧಾರವಾಗಬಹುದು.

ಎಲ್ಲಕ್ಕಿಂತ ಗಟ್ಟಿಯಾದ ಗಂಟು ಗುತ್ತಿಗೆಯದು. ಹೊಳೆಸಾಲಿನ ಎಷ್ಟೋ ಗದ್ದೆಗಳನ್ನು ಮಾಡುತ್ತಿರುವವರು ಮಾಲೀಕರಲ್ಲ. 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧ, ಹಾಗಾಗಿ ಗುತ್ತಿಗೆ ಮಾತಿನ ಮೇಲೆ ನಡೆಯುತ್ತದೆ, ಕಾಗದದ ಮೇಲಲ್ಲ. ಬೀಜ, ಗೊಬ್ಬರ ಗುತ್ತಿಗೆದಾರನದು, ಸಾಲ ಅವನದು, ನಷ್ಟ ಅವನದು. ಪರಿಹಾರದ ಹಣ ಬೀಳುವುದು ಪಹಣಿಯಲ್ಲಿ ಹೆಸರಿರುವವನ ಖಾತೆಗೆ. ಒಳ್ಳೆಯ ಮಾಲೀಕ ತಂದು ಕೊಡುತ್ತಾನೆ, ಎಲ್ಲರೂ ಒಳ್ಳೆಯವರಲ್ಲ. ರಾಜ್ಯ ಸರ್ಕಾರವೇ ವರ್ಷಕ್ಕೆ ಮೂರು ಹಂಗಾಮಿನಲ್ಲಿ ಬೆಳೆ ಸಮೀಕ್ಷೆ ನಡೆಸುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ಬರೆದುಕೊಳ್ಳುವಾಗಲೇ ಬೆಳೆದವರು ಯಾರು ಎಂದೂ ಬರೆದುಕೊಳ್ಳಬಹುದು, ಅದರಿಂದ ಭೂಮಿಯ ಹಕ್ಕು ಬದಲಾಗದು ಎಂದು ಸ್ಪಷ್ಟ ಆದೇಶವನ್ನೂ ಹೊರಡಿಸಬಹುದು. ಮುಂಗಾರಿನ ವಿಮಾ ಅಧಿಸೂಚನೆ ಹೊರಡುವ ಮೊದಲೇ ಇದು ಆಗಬೇಕು. ನೋಂದಣಿ ಮುಗಿದ ಮೇಲೆ ಎಳೆದ ಗೆರೆಯಾಗಲಿ ಬರೆದ ಹೆಸರಾಗಲಿ ಆ ವರ್ಷದ ನೆರೆಗೆ ಉಪಯೋಗಕ್ಕೆ ಬರುವುದಿಲ್ಲ.