ಯಾವೂರು? ಯಾರ ಪೈಕಿ?

ಆಷಾಢದ ಮಳೆ ಹೊಸನಗರದ ಕಡೆ ಹೇಗೆ ಹೊಡೆಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮೂರು ದಿನ ಕರೆಂಟಿಲ್ಲದೆ ಕೂತು, ನಾಲ್ಕನೇ ದಿನ ಬೆಳಿಗ್ಗೆ ದೀಪ ಬಂತು ಅನ್ನುವಷ್ಟರಲ್ಲಿ ತೀರ್ಥಹಳ್ಳಿಯ ತವರುಮನೆಯಿಂದ ಅತ್ತಿಗೆಯ ಫೋನು. ಅಲ್ಲೂ ಅದೇ ಕತೆ, ಆಗಷ್ಟೇ ಕರೆಂಟು ಬಂದಿತ್ತು.

"ಕಂಪ್ಯೂಟರಿಗೆ ಎಂತದೋ ಬಡಿದಿದೆ ಮಾರಾಯ್ತಿ. ಬಸವನಹುಳದ ಥರ ತೆವಳ್ತಾ ಇದೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಸರ್ವಿಸ್ ಹೋಸ್ಟ್ ಅಂತ ಒಂದೇ ಹೆಸರಿನದ್ದು ಐವತ್ತು ಸಾಲು! ವಾಟ್ಸಾಪ್ ಗ್ರೂಪಲ್ಲಿ ಕೇಳಿದೆ. ವೈರಸ್ಸು, ಡಿಲೀಟ್ ಮಾಡಿ, ಆಗದಿದ್ರೆ ಫಾರ್ಮ್ಯಾಟ್ ಹೊಡೆಸಿ ಅಂದ್ರು. ನಾಳೆ ಅಂಗಡಿಗೆ ಕೊಡೋದಾ?"

ಫಾರ್ಮ್ಯಾಟ್ ಅಂದದ್ದೇ ನನ್ನ ಎದೆ ಧಸಕ್ ಅಂದಿತು. ಆ ಕಂಪ್ಯೂಟರಿನಲ್ಲಿ ಅಪ್ಪಯ್ಯ ಮೂರು ವರ್ಷದಿಂದ ಒಂದೇ ಬೆರಳಲ್ಲಿ ಕುಟ್ಟಿ ಕೂಡಿಸಿದ ತಾಳಮದ್ದಳೆ ಅರ್ಥದ ಟಿಪ್ಪಣಿಗಳಿವೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

"ಅತ್ತಿಗೆ, ಏನನ್ನೂ ಒತ್ತಬೇಡಿ. ಕಾಫಿ ಕುಡಿದು ಬಂದು ಫೋನ್ ಮಾಡಿ, ಇಬ್ಬರೂ ಸೇರಿ ನೋಡುವ" ಅಂದೆ.

ಇಷ್ಟು ಸಮಾಧಾನ ನನಗೆ ಹುಟ್ಟಿನಿಂದ ಬಂದದ್ದಲ್ಲ. 2002ರಲ್ಲಿ ನಾನು ಸಾಗರದ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಗೆಳತಿಯಿಂದ ಇಮೇಲ್ ಬಂತು. ನಿಮ್ಮ ಕಂಪ್ಯೂಟರಿನಲ್ಲಿ ಕರಡಿಮರಿಯ ಚಿತ್ರವಿರುವ ಒಂದು ಫೈಲಿದೆ, ಅದು ವೈರಸ್, 14 ದಿನ ಸುಮ್ಮನಿದ್ದು ಆಮೇಲೆ ಎಲ್ಲ ಹಾಳುಮಾಡುತ್ತದೆ, ಕೂಡಲೇ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ ಅಂತ. ಹುಡುಕಿದೆ. ಕರಡಿಮರಿ ಸಿಕ್ಕೇಬಿಟ್ಟಿತು! ಸೆಂಟರಿನ ಆರೂ ಕಂಪ್ಯೂಟರಿನಿಂದ ಅಳಿಸಿ, ವಿಳಾಸ ಗೊತ್ತಿದ್ದವರಿಗೆಲ್ಲ ಆ ಇಮೇಲ್ ಕಳಿಸಿ, ದೊಡ್ಡ ಉಪಕಾರ ಮಾಡಿದೆ ಅಂತ ಬೀಗಿದ್ದೆ. ಆಮೇಲೆ ತಿಳಿಯಿತು, ಅದು ವಿಂಡೋಸಿನದೇ ಫೈಲು. ಜಾವಾ ಪ್ರೋಗ್ರಾಂ ಬರೆಯುವವರಿಗೆ ಬೇಕಾದ್ದು. ಕರಡಿಮರಿ ಎಲ್ಲರ ಕಂಪ್ಯೂಟರಿನಲ್ಲೂ ಇತ್ತು, ಅದಕ್ಕೇ ಎಲ್ಲರಿಗೂ ಸಿಕ್ಕಿತು. ಜಗತ್ತಿನಾದ್ಯಂತ ಹಬ್ಬಿದ್ದ ಸುಳ್ಳು ಅದು, ಅದನ್ನು ಹಬ್ಬಿಸಿದವರಲ್ಲಿ ನಾನೂ ಒಬ್ಬಳು. ಪುಣ್ಯಕ್ಕೆ ಆ ಫೈಲಿಲ್ಲದೆ ನಮ್ಮ ಸೆಂಟರಿನ ಕೆಲಸವೇನೂ ನಿಲ್ಲಲಿಲ್ಲ.

ಅಂದಿನಿಂದ ಗುರುತಿಲ್ಲದ ಫೈಲು ಕಂಡರೆ ನಾನು ನಮ್ಮ ಮಲೆನಾಡಿನ ಹಿರಿಯರ ಕ್ರಮವನ್ನೇ ಹಿಡಿದಿದ್ದೇನೆ. ಅಂಗಳಕ್ಕೆ ಅಪರಿಚಿತರು ಬಂದರೆ ನಾವು ಏನು ಕೇಳುತ್ತೇವೆ? ಯಾವೂರು, ಯಾರ ಪೈಕಿ, ಎಂತಕ್ಕೆ ಬಂದಿರಿ. ಕುಡಿಯಲು ನೀರು ಕೊಟ್ಟು ಕೇಳುತ್ತೇವೆ, ಅಷ್ಟೇ.

ಮೊದಲು, ಯಾವೂರು. ಟಾಸ್ಕ್ ಮ್ಯಾನೇಜರಿನಲ್ಲಿ ಆ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಶನ್' ಅಂದರೆ ಅದು ಎಲ್ಲಿ ವಾಸವಾಗಿದೆ ಅಂತ ತೋರಿಸುತ್ತದೆ. ಎಸ್‌ವಿಸಿಹೋಸ್ಟ್ ಅನ್ನುವ ಈ ಫೈಲಿನ ಮನೆ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32. ಅದೇ ಹೆಸರಿನದ್ದು ಡೌನ್‌ಲೋಡ್ಸಿನಲ್ಲೋ ಟೆಂಪ್ ಫೋಲ್ಡರಿನಲ್ಲೋ ಕೂತಿದ್ದರೆ ಅನುಮಾನ ಪಡಬೇಕು. ಹೆಸರಿನ ಕಾಗುಣಿತವನ್ನೂ ಓದಬೇಕು. ಎಸ್, ವಿ, ಸಿ ಇರಬೇಕಾದಲ್ಲಿ ಎಸ್, ಸಿ, ವಿ ಅಂತ ಒಂದಕ್ಷರ ಆಚೀಚೆ ಮಾಡಿ ಒಳಗೆ ನುಸುಳುವ ಕಳ್ಳರಿದ್ದಾರೆ.

ಎರಡನೆಯದು, ಯಾರ ಪೈಕಿ. ಫೈಲಿನ ಪ್ರಾಪರ್ಟೀಸ್ ತೆಗೆದರೆ 'ಡಿಜಿಟಲ್ ಸಿಗ್ನೇಚರ್ಸ್' ಅಂತ ಒಂದು ಪುಟ ಇರುತ್ತದೆ. ಅಲ್ಲಿ ಮಾಡಿದವರ ಸಹಿ ಸಿಗುತ್ತದೆ. ವಿಂಡೋಸಿನ ಕೆಲವು ಅಸಲಿ ಫೈಲುಗಳಲ್ಲೂ ಈ ಪುಟ ಇರುವುದಿಲ್ಲ. ಹಾಗಾಗಿ ಸಹಿ ಕಾಣಲಿಲ್ಲ ಅಂತ ಅಷ್ಟಕ್ಕೇ ತೀರ್ಪು ಕೊಡಬಾರದು.

ಅತ್ತಿಗೆ ಒಂದೊಂದೇ ಓದಿ ಹೇಳಿದರು. ಊರು ಸಿಸ್ಟಮ್32, ಸಹಿ ಮೈಕ್ರೋಸಾಫ್ಟಿನದು.

"ಹಾಗಾದ್ರೆ ಐವತ್ತು ಎಂತಕ್ಕೆ?"

ಅದು ಮೂರನೇ ಪ್ರಶ್ನೆ. ವಿಂಡೋಸಿನ ಒಳಗೆಲಸಗಳನ್ನೆಲ್ಲ ಈ ಸರ್ವಿಸ್ ಹೋಸ್ಟ್ ಹೊತ್ತು ನಡೆಸುತ್ತದೆ. ಮೊದಲು ಹಲವು ಕೆಲಸಕ್ಕೆ ಒಂದೇ ಸಾಲು ಇರುತ್ತಿತ್ತು. 2017ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಕಂಪ್ಯೂಟರಿನಲ್ಲಿ ಹೆಚ್ಚಿನ ಕೆಲಸಗಳಿಗೆ ಬೇರೆಬೇರೆ ಸಾಲು. ಒಂದು ಕೆಟ್ಟರೆ ಇನ್ನೊಂದು ಕೆಡದಿರಲಿ ಅಂತ. ಅವುಗಳಲ್ಲಿ ಓಡಾಡುತ್ತಿದ್ದದ್ದು ವಿಂಡೋಸ್ ಅಪ್‌ಡೇಟ್ ಕೆಲಸದ್ದು. ಮೂರು ದಿನ ಮಲಗಿದ್ದ ಕಂಪ್ಯೂಟರ್ ಬಾಕಿ ಕೆಲಸ ಒಂದೇ ಸಲ ಮಾಡಲು ಹೊರಟಿತ್ತು. ಸಂಜೆ ಹೊತ್ತಿಗೆ ಮುಗಿಸಿ ತನ್ನಷ್ಟಕ್ಕೇ ಸರಿಹೋಯಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಹೇಗೂ ಕೂತಿದ್ದೀರಿ, ಡೌನ್‌ಲೋಡ್ಸ್ ಒಮ್ಮೆ ನೋಡಿಬಿಡಿ ಅಂದೆ. ಫೈಲಿನ ಹೆಸರಿನ ಬಾಲ ಪೂರ್ತಿ ಕಾಣುವಂತೆ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆನ್ ಮಾಡಿಸಿದೆ. ಅಲ್ಲಿ ಕೊರಿಯರ್ ಬಿಲ್ಲಿನ ಹೆಸರಿನದ್ದೊಂದು ಇತ್ತು. ಪಿಡಿಎಫ್ ಅಂತ ಕಾಣುತ್ತಿದ್ದ ಹೆಸರಿನ ತುದಿಯಲ್ಲಿ ಈಗ ಡಾಟ್ ಇಎಕ್ಸ್‌ಇ! ಅಂದರೆ ಓದುವ ಕಾಗದದ ವೇಷದಲ್ಲಿ ಬಂದ ಪ್ರೋಗ್ರಾಂ. 2000ನೇ ಇಸವಿಯ 'ಐ ಲವ್ ಯೂ' ವೈರಸ್ ಕೂಡ ಹೀಗೇ ಬಾಲ ಮುಚ್ಚಿಕೊಂಡು ಪ್ರೇಮಪತ್ರದ ವೇಷದಲ್ಲಿ ಬಂದಿತ್ತು.

"ಒತ್ತಿದ್ದೀರಾ ಅತ್ತಿಗೆ?"

"ಇಲ್ಲ ಮಾರಾಯ್ತಿ. ನಾವು ಎಂತದೂ ತರಿಸಿರಲಿಲ್ಲ, ಹಾಗೇ ಬಿಟ್ಟೆ."

ಅದನ್ನು ತೆರೆಯದೆ ವೈರಸ್‌ಟೋಟಲ್ ತಾಣಕ್ಕೆ ಹಾಕಿಸಿದೆ. 2004ರಲ್ಲಿ ಸ್ಪೇನಿನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಕೈಸೇರಿದ ಈ ತಾಣ, ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳಿಗೆ ತೋರಿಸಿ ಅಭಿಪ್ರಾಯ ಕೇಳುತ್ತದೆ. ಒಂದೆರಡು ಕೆಂಪು ಬಂದರೆ ತಪ್ಪು ಅನುಮಾನವೂ ಇರಬಹುದು, ಎಲ್ಲ ಹಸಿರಾದರೂ ಪೂರ್ತಿ ಭರವಸೆಯಿಲ್ಲ. ಇದಕ್ಕೆ ಸಾಲುಸಾಲು ಕೆಂಪು. ಅಲ್ಲಿಗೆ ಹಾಕಿದ ಫೈಲು ಬೇರೆಯವರ ಕೈಗೂ ಹೋಗುತ್ತದೆ ಅನ್ನುವುದು ನೆನಪಿರಲಿ. ಮನೆಯ ಪತ್ರ, ಬ್ಯಾಂಕಿನ ಕಾಗದ ಹಾಕಬಾರದು.

ಅಕಸ್ಮಾತ್ ಅಂಥದ್ದನ್ನು ಒತ್ತಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ತೆಗೆಯಬೇಕು. ಬೇರೆ ಫೋನಿನಿಂದ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಆಂಟಿವೈರಸ್ಸಿನಲ್ಲಿ ಪೂರ್ತಿ ಸ್ಕ್ಯಾನ್ ಮಾಡಬೇಕು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್.

ಅಷ್ಟರಲ್ಲಿ ಫೋನು ಅಪ್ಪಯ್ಯನ ಕೈಗೆ ಹೋಗಿತ್ತು. "ಅಂದ್ರೆ, ತೋಟದ ಕೇರೆಹಾವನ್ನ ಹೊಡೆದು, ಬಚ್ಚಲಲ್ಲಿದ್ದ ನಾಗರನ್ನ ಬಿಟ್ಟ ಹಾಗಾಗ್ತಿತ್ತು ಅನ್ನು" ಅಂದರು.

"ಹೌದು ಅಪ್ಪಯ್ಯ. ಮೊದಲು ನಿಮ್ಮ ಟಿಪ್ಪಣಿ ಪೆನ್‌ಡ್ರೈವಿಗೆ ಹಾಕಿಸಿ. ಎರಡು ಪ್ರತಿ. ಒಂದು ನನಗೆ ಕಳಿಸಿ."

ಕಳೆದ ವಾರ ಪೆನ್‌ಡ್ರೈವ್ ಬಂತು, ಜೊತೆಗೆ ಒಂದು ಡಬ್ಬಿ ಹಲಸಿನ ಹಪ್ಪಳ. ಟಿಪ್ಪಣಿ ತೆರೆದು ಓದುತ್ತಾ ಹಪ್ಪಳ ಖಾಲಿಯಾದದ್ದು ಗೊತ್ತೇ ಆಗಲಿಲ್ಲ. ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಒಂದೇ ಪ್ರತಿಯಿರುವ ಇಂಥದ್ದೇನಾದರೂ ಇದೆಯಾ? ಈ ಭಾನುವಾರ ಒಮ್ಮೆ ನೋಡಿ.