ಕೆಚ್ಚಲು ಬಾವಿಗೆ ಅರೆಬರೆ ಔಷಧಿ ಬೇಡ

ಹಸುವಿಗೆ ಕೆಚ್ಚಲು ಬಾವು ಬಂದೊಡನೆ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು ಹಾಕಿ, ಬಾವು ಇಳಿದೊಡನೆ ನಿಲ್ಲಿಸುವವರುಂಟು. ಇದರಿಂದ ದುರ್ಬಲ ರೋಗಾಣುಗಳು ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಅಷ್ಟಕ್ಕೇ ಮುಗಿಯದು. ಬ್ಯಾಕ್ಟೀರಿಯಾಗಳಿಗೂ ವೈರಸ್ ತಗಲುತ್ತದೆ. ಅದು ಬ್ಯಾಕ್ಟೀರಿಯಾದ ಒಡಲಲ್ಲಿ ಮರಿಯಾಗುವಾಗ, ಅಪರೂಪಕ್ಕೆ ಒಂದು ಮರಿ ತನ್ನ ಜೀನ್‌ಗಳ ಬದಲು ಬ್ಯಾಕ್ಟೀರಿಯಾದ ಜೀನ್‌ಗಳನ್ನೇ ತುಂಬಿಕೊಂಡು ಹೊರಬಿದ್ದು, ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತದೆ. 1952ರಲ್ಲಿ ಅಮೆರಿಕದ ಜಿಂಡರ್ ಮತ್ತು ಲೆಡರ್‌ಬರ್ಗ್ ಇದನ್ನು ತೋರಿಸಿಕೊಟ್ಟರು. ಕೆಚ್ಚಲು ಬಾವು ತರುವ ಸ್ಟೆಫೈಲೊಕಾಕಸ್‌ಗಳಲ್ಲಿ ಔಷಧಿಗೆ ಜಗ್ಗದ ಗುಣವೂ ಹೀಗೆ ದಾಟಬಲ್ಲುದು. ಈ ಸಾಗಣೆಯನ್ನು ನಾವು ತಡೆಯಲಾರೆವು. ಸಾಗುವ ಸರಕನ್ನು ಕಡಿಮೆ ಮಾಡಬಲ್ಲೆವು. ಪಶುವೈದ್ಯರನ್ನು ಕೇಳದೆ ಔಷಧಿ ಹಾಕಬೇಡಿರಿ. ಹಾಕಿಸಿದರೆ ಅವರು ಹೇಳಿದಷ್ಟು ದಿನ ತಪ್ಪದೆ ಪೂರೈಸಿರಿ.