ಹತ್ತಿ ಕಟ್ಟಿಗೆಗೆ ಬೆಂಕಿ ಹಚ್ಚುವ ಮುನ್ನ

ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ನಿಂತ ಕಟ್ಟಿಗೆಯನ್ನು ಏನು ಮಾಡಬೇಕು? ನಮ್ಮ ಹಾವೇರಿ ಕಡೆಯಲ್ಲೂ, ನಾನೀಗ ಇರುವ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಸಿಲ್ಲೋಡ್‌ನಲ್ಲೂ ಉತ್ತರ ಬಹುಪಾಲು ಒಂದೇ: ಒಲೆಗೆ ಬೇಕಾದಷ್ಟು ಮನೆಗೆ, ಉಳಿದದ್ದಕ್ಕೆ ಬೆಂಕಿ. ಇದಕ್ಕೆ ರೈತರನ್ನು ದೂರುವಂತಿಲ್ಲ. ಕಟ್ಟಿಗೆ ಹೊಲದಲ್ಲೇ ಉಳಿದರೆ ಗುಲಾಬಿ ಕಾಯಿಕೊರಕವೂ ಮುಂದಿನ ಹಂಗಾಮಿಗೆ ಉಳಿಯುತ್ತದೆ. ಬೇಗ ಕಿತ್ತು ಹೊಲ ಸ್ವಚ್ಛ ಮಾಡಿ ಎಂದು ಕೃಷಿ ತಜ್ಞರೂ ಹೇಳುತ್ತಾರೆ. ಕಿತ್ತದ್ದನ್ನು ಕೊಳ್ಳುವವರು ಯಾರು ಎಂಬುದಕ್ಕೆ ಮಾತ್ರ ಉತ್ತರವಿಲ್ಲ.

ಉತ್ತರಗಳಲ್ಲೊಂದು ಸಕ್ರಿಯ ಇಂಗಾಲ, ಅಂದರೆ ಆಕ್ಟಿವೇಟೆಡ್ ಕಾರ್ಬನ್. ಮನೆಯ ವಾಟರ್ ಫಿಲ್ಟರ್‌ನಲ್ಲಿರುವ ಕಪ್ಪು ಹರಳು ಇದೇ. ಗಾಳಿ ಕಡಿಮೆ ಇರುವ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಟ್ಟಿಗೆಯನ್ನು ಇದ್ದಿಲು ಮಾಡಿ, ಅದಕ್ಕೆ 800ರಿಂದ 900 ಡಿಗ್ರಿಯಲ್ಲಿ ಹಬೆ ಹಾಯಿಸಿದರೆ ಒಳಗೆ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳು ತೆರೆದುಕೊಳ್ಳುತ್ತವೆ. ಒಳ್ಳೆಯ ಇಂಗಾಲದ ಒಂದು ಗ್ರಾಂ ಒಳಗೆ ಸುಮಾರು 1,000 ಚದರ ಮೀಟರ್ ಮೇಲ್ಮೈ ಇರುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು! ಬಣ್ಣ, ವಾಸನೆ, ಕೀಟನಾಶಕದ ಅಂಶಗಳು ಅಲ್ಲಿ ಅಂಟಿಕೊಳ್ಳುತ್ತವೆ.

ಇಂದು ಇದಕ್ಕೆ ಹೆಚ್ಚು ಬೇಡಿಕೆಯಿರುವ ಕಚ್ಚಾವಸ್ತು ತೆಂಗಿನ ಚಿಪ್ಪು. ಹತ್ತಿ ಕಟ್ಟಿಗೆ ಅಷ್ಟು ಗಟ್ಟಿಯಲ್ಲ, ಬೂದಿಯೂ ಹೆಚ್ಚು. ಚಿನ್ನ ಬೇರ್ಪಡಿಸಲು ಬೇಕಾದ ಗಟ್ಟಿ ಹರಳಿಗೆ ಅದು ಸಾಲದು. ಆದರೆ ಕಾರ್ಖಾನೆಯ ತ್ಯಾಜ್ಯ ನೀರಿನ ಬಣ್ಣ ತೆಗೆಯುವ ಪುಡಿಗೆ ಸಾಕು. ಸಿಲ್ಲೋಡ್‌ನಿಂದ ಸುಮಾರು 65 ಕಿ.ಮೀ. ದೂರದ ಸಂಭಾಜಿನಗರದ ಸುತ್ತ, ವಾಳೂಜ್‌ನಂಥ ಕೈಗಾರಿಕಾ ಪ್ರದೇಶಗಳಲ್ಲಿ, ಔಷಧ ಮತ್ತು ಬಿಯರ್ ಕಾರ್ಖಾನೆಗಳಿವೆ. ಕಚ್ಚಾವಸ್ತುವೂ ಗಿರಾಕಿಯೂ ಒಂದೇ ಜಿಲ್ಲೆಯಲ್ಲಿದ್ದಾರೆ. ನಮ್ಮಲ್ಲಿ ಹಾವೇರಿ, ಧಾರವಾಡ, ರಾಯಚೂರು ಜಿಲ್ಲೆಗಳೂ ಇದೇ ಲೆಕ್ಕ ಹಾಕಬಹುದು.

ಲಾಭದ ಕನಸಿಗೆ ಮೊದಲು ಗಣಿತ ನೋಡೋಣ. ಎಕರೆಗೆ ಸ್ಥೂಲವಾಗಿ ಒಂದು ಟನ್ ಕಟ್ಟಿಗೆ ಸಿಕ್ಕರೆ ಇದ್ದಿಲು ಸುಮಾರು 300 ಕಿಲೋ. ಹಬೆ ಹಾಯಿಸಿದಾಗ ಅದರಲ್ಲೂ ಅರ್ಧದಷ್ಟು ಸುಟ್ಟುಹೋಗಿ, ಕೈಗೆ ಬರುವುದು 150 ಕಿಲೋ ಆಸುಪಾಸು. ಕಟ್ಟಿಗೆ ಹಗುರ, ಗಾತ್ರ ದೊಡ್ಡದು. ಲಾರಿ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಸಿಗುವುದೂ ವರ್ಷದಲ್ಲಿ ಕೆಲವೇ ತಿಂಗಳು. ಕೋಡ್ ಬರೆದು ಬದುಕುವ ನನಗೆ ಇದು ಪರಿಚಿತ ತೊಡಕು: ಪ್ರೋಗ್ರಾಂ ಎಷ್ಟೇ ಚೆನ್ನಾಗಿರಲಿ, ಇನ್‌ಪುಟ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ವ್ಯರ್ಥ. 1918ರಲ್ಲಿ ಗ್ಯಾಸ್ ಮಾಸ್ಕ್‌ಗಳ ಇಂಗಾಲಕ್ಕಾಗಿ ಅಮೆರಿಕದ ಜನ ಪೀಚ್ ಹಣ್ಣಿನ ಓಟೆಗಳನ್ನು ಊರೂರಲ್ಲಿ ಸಂಗ್ರಹಿಸಿದ್ದರು. ಅಲ್ಲಿ ಕುಲುಮೆಯಷ್ಟೇ ಸಂಗ್ರಹವೂ ಮುಖ್ಯವಾಗಿತ್ತು.

ಹಾಗಾಗಿ ಮೊದಲು ಬೇಕಾದದ್ದು ದೊಡ್ಡ ಕಾರ್ಖಾನೆಯಲ್ಲ, ಹಳ್ಳಿಗಳ ಗುಂಪಿಗೊಂದು ಕತ್ತರಿಸುವ ಯಂತ್ರ ಮತ್ತು ಮುಚ್ಚಿದ ಕುಲುಮೆ. ಗುಂಡಿ ತೋಡಿ ಇದ್ದಿಲು ಸುಡುವ ಹಳೆಯ ಪದ್ಧತಿ ಬೇಡವೇ ಬೇಡ. ಅದರ ಹೊಗೆ ಊರಿಗೆ, ಆರಿಸಿದ ನೀರು ಬಾವಿಗೆ ಹೋಗುತ್ತದೆ. ಹೊಲದ ಹೊಗೆ ತಪ್ಪಿಸಲು ಹೋಗಿ ಊರೊಳಗೆ ಹೊಗೆ ತಂದಂತಾಗುತ್ತದೆ. ಹತ್ತಿ ಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್ ಮಾಡುವ ವಿಧಾನವನ್ನು ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಎಂದೋ ರೂಪಿಸಿದೆ. ಅಂಥ ಜ್ಞಾನ ತಾಲ್ಲೂಕಿಗೆ ಇಳಿಯಬೇಕು.

ಇನ್ನೆರಡು ಎಚ್ಚರಿಕೆ. ಸಾಮಾನ್ಯ ಸಕ್ರಿಯ ಇಂಗಾಲ ನೀರಿನ ಗಡಸುತನವನ್ನಾಗಲಿ, ನಮ್ಮ ಬರದ ಜಿಲ್ಲೆಗಳನ್ನು ಕಾಡುವ ಫ್ಲೋರೈಡ್ ಅನ್ನಾಗಲಿ ಸರಿಯಾಗಿ ತೆಗೆಯದು. ಹಾಗೆಂದು ಮಾರುವವರನ್ನು ನಂಬಬಾರದು. ಎರಡನೆಯದು, ಬಳಸಿದ ಇಂಗಾಲ ತಾನು ಹೀರಿದ ವಿಷವನ್ನು ಹೊತ್ತೇ ಇರುತ್ತದೆ. ಔಷಧ ತಯಾರಿಕೆಯಲ್ಲಿ ಬಳಸಿ ಬಿಟ್ಟದ್ದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ. ಅದನ್ನು ಮತ್ತೆ ಕಾಯಿಸಿ ಬಳಸುವ ಅಥವಾ ಸುರಕ್ಷಿತವಾಗಿ ವಿಲೇವಾರಿ ಮಾಡುವ ಹೊಣೆ ಕೊಳ್ಳುವ ಕಾರ್ಖಾನೆಯದೇ ಎಂದು ಕರಾರಿನಲ್ಲೇ ಬರೆಸಬೇಕು.

ಹೊಲದಲ್ಲಿ ಬೆಂಕಿ ಹಚ್ಚಬೇಡಿ ಎಂದು ಆದೇಶ ಹೊರಡಿಸುವುದು ಸುಲಭ. ಕೀಳುವ ಕೂಲಿಯಾದರೂ ಗಿಟ್ಟುವ ದರ ಮೊದಲು ಘೋಷಣೆಯಾಗಲಿ. ಆಗ ಬೆಂಕಿಪೊಟ್ಟಣವನ್ನು ರೈತನೇ ಜೇಬಿಗೆ ಹಾಕಿಕೊಳ್ಳುತ್ತಾನೆ.